ಬೈಲಿಗೆ ಹಸಿರು ಹಚ್ಚಿದ ಮಾವ

ಮಾವನ ಬಿಳಿ ಅಂಗಿಗಳಿಗೆಲ್ಲ ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಪಾಚಿಯ ಗೆರೆ ಇರುತ್ತಿತ್ತು. ಬಾವಿಯ ಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿ ನೋಡುವ ಅಭ್ಯಾಸದಿಂದ ಬಂದ ಕಲೆ ಅದು. ಯಾರ ಮನೆಗೆ ಹೋದರೂ ಚಪ್ಪಲಿ ಕಳಚುವ ಮೊದಲೇ ಅವರು ಬಾವಿಯ ಹತ್ತಿರ ಇರುತ್ತಿದ್ದರು. ಅತ್ತೆ ಸೋಪು ತಿಕ್ಕಿ, ನಿಂಬೆಹುಳಿ ತಿಕ್ಕಿ ಸೋತು, "ಬೇರೆಯವರ ಗಂಡಂದಿರ ಅಂಗಿಯಲ್ಲಿ ಎಂತೆಂತದೋ ಕಲೆ ಇರುತ್ತದಂತೆ. ನನ್ನದು ಪುಣ್ಯ" ಎಂದು ನಗುತ್ತಿದ್ದರು.

ಅವರು ನನ್ನ ಅಮ್ಮನ ಅಣ್ಣ. ಎಪ್ಪತ್ತರ ದಶಕದ ಕೊನೆಯಲ್ಲಿ ಉಡುಪಿಯಲ್ಲಿ ಪಟ್ಟಣ ಯೋಜನೆಯ ಅಧಿಕಾರಿಯಾಗಿದ್ದರು. ಊರು ಯಾವ ಕಡೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ರಸ್ತೆ, ಎಲ್ಲಿ ಏನನ್ನೂ ಕಟ್ಟಬಾರದು ಎಂದು ನಕ್ಷೆ ಮಾಡುವುದು ಅವರ ಕೆಲಸ. ನಮ್ಮದು ಅಳಿಯಕಟ್ಟಿನ ಕುಟುಂಬ. ಆಸ್ತಿ ಹೆಂಗಸರ ಮೂಲಕ ಇಳಿದು ಬರುತ್ತದೆ, ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಸೋದರಮಾವನದು. ನಮ್ಮ ತಂದೆ ಬೇಗ ತೀರಿಕೊಂಡಿದ್ದರು, ಮಾವನಿಗೆ ಮಕ್ಕಳಿರಲಿಲ್ಲ. ಹಾಗಾಗಿ ನನ್ನ ಮತ್ತು ತಮ್ಮನ ಶಾಲೆ, ಕಾಲೇಜು, ಜ್ವರ, ಕನ್ನಡಕ ಎಲ್ಲವೂ ಅವರ ತಲೆಯ ಮೇಲೆಯೇ ಇತ್ತು. ಅವರು ಅದನ್ನು ಹೊರೆ ಎಂದು ಒಂದು ದಿನವೂ ತೋರಿಸಿಕೊಂಡವರಲ್ಲ.

ಅಮ್ಮ ಸಂತೆಕಟ್ಟೆಯ ಶಾಲೆಯಲ್ಲಿ ಟೀಚರ್. ನಾವಿದ್ದದ್ದು ಬಾಡಿಗೆ ಮನೆಯಲ್ಲಿ. ಭೂಸುಧಾರಣೆ ಬಂದು ಗೇಣಿಯ ಗದ್ದೆಗಳೆಲ್ಲ ಒಕ್ಕಲುಗಳಿಗೆ ಹೋಗಿದ್ದವು, ಕುಟುಂಬದ ಮೂಲಮನೆಯೂ ಪಾಲಾಗಿ ಮಾರಿಹೋಗಿತ್ತು. ಅಮ್ಮನ ಹೆಸರಿನಲ್ಲಿ ಉಳಿದದ್ದು ಮಣಿಪಾಲದ ಗುಡ್ಡೆಯ ಬುಡದಲ್ಲಿ, ಗದ್ದೆಗಳೇ ತುಂಬಿದ ತಗ್ಗಿನ ಬೈಲಿನ ನಡುವೆ, ಒಂದೇ ಒಂದು ಗದ್ದೆ. ಅದಕ್ಕೆ ಕೆಂಪು ಮಣ್ಣು ತುಂಬಿಸಿ ಒಂದು ಮನೆ ಕಟ್ಟಬೇಕು ಎನ್ನುವುದೊಂದೇ ಅವಳ ಆಸೆ. ಆಗ ಮಣಿಪಾಲದಲ್ಲಿ ಹಾಸ್ಟೆಲುಗಳು ಏಳುತ್ತಿದ್ದವು, ಮೇಷ್ಟ್ರುಗಳಿಗೂ ಡಾಕ್ಟರುಗಳಿಗೂ ಮನೆ ಬೇಕಿತ್ತು, ಗಲ್ಫಿಗೆ ಹೋದವರು ಜಾಗ ಹುಡುಕುತ್ತಿದ್ದರು. ಎಲ್ಲೆಂದರಲ್ಲಿ ಲಾರಿಗಳು ಗುಡ್ಡೆಯನ್ನು ಅಗೆದು ತಂದು ಗದ್ದೆಗೆ ಸುರಿಯುತ್ತಿದ್ದವು.

ಮಾವನಿಗೆ ಆ ಲಾರಿಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಭಾನುವಾರ ನನ್ನನ್ನು ಗುಡ್ಡೆ ಹತ್ತಿಸುತ್ತಿದ್ದರು. ಮೇಲಿನಿಂದ ಕೊಡೆಯ ತುದಿಯಲ್ಲಿ ತೋರಿಸಿ ಹೇಳುತ್ತಿದ್ದ ಮಾತು ಯಾವಾಗಲೂ ಒಂದೇ. ನಾವು ಮನೆಯಲ್ಲಿ ತುಳು ಆಡುವವರು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಈ ತೂತು ತೂತಿನ ಕೆಂಪು ಮುರಕಲ್ಲಿನ ಗುಡ್ಡೆ ಉಂಟಲ್ಲ, ಇದು ಮಳೆನೀರು ಕುಡಿಯುತ್ತದೆ. ಆ ಬೈಲು ಅದನ್ನು ಇಟ್ಟುಕೊಳ್ಳುತ್ತದೆ. ಹಳೇ ಮನೆಗಳು ಎಲ್ಲಿ ಉಂಟು ನೋಡು. ಗುಡ್ಡೆಯ ನೆತ್ತಿಯಲ್ಲಿಯೂ ಇಲ್ಲ, ಬೈಲಿನ ಹೊಟ್ಟೆಯಲ್ಲಿಯೂ ಇಲ್ಲ, ಬದಿಯಲ್ಲಿ ಉಂಟು. ನಾನು ಹೊಸತು ಎಂತದ್ದೂ ಹೇಳುವುದಿಲ್ಲ ಮಾರಾಯ್ತಿ. ಅದನ್ನೇ ನಕ್ಷೆಯಲ್ಲಿ ಹಾಕುತ್ತೇನೆ."

ಹಾಗೆಯೇ ಹಾಕಿದರು. ಗುಡ್ಡೆಯ ಬದಿಗಳಿಗೆ ಮನೆಗಳ ಹಳದಿ, ಕೆರೆ ತೋಡುಗಳಿಗೆ ನೀಲಿ, ಬೈಲುಗಳಿಗೆಲ್ಲ ಹಸಿರು. ಹಸಿರು ಹಚ್ಚಿದಲ್ಲಿ ಬೇಸಾಯ ಬಿಟ್ಟು ಬೇರೇನೂ ಮಾಡುವಂತಿಲ್ಲ. ಅಮ್ಮನ ಗದ್ದೆ ಹಸಿರಿನ ನಟ್ಟನಡುವೆ ಬಿತ್ತು.

ನಕ್ಷೆಯ ಮೇಲೆ ಸಾರ್ವಜನಿಕರ ಆಕ್ಷೇಪಣೆ ಕೇಳುವ ಸಭೆ ಕರೆದರು. ಅಮ್ಮ ಶಾಲೆಗೆ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ಹೋದಳು. ಸರತಿ ಬಂದಾಗ ಎದ್ದು ನಿಂತಳು. ಮಾವ ತಲೆ ಎತ್ತಿ ನೋಡಿ, ಪರಿಚಯವೇ ಇಲ್ಲದವರ ಹಾಗೆ, "ತಮ್ಮ ಆಕ್ಷೇಪಣೆ ಏನು?" ಎಂದು ಕೇಳಿದರು.

"ಸಾಹೇಬರ ತಂಗಿಗೆ ಇರಲಿಕ್ಕೆ ಮನೆ ಇಲ್ಲ. ಅದೇ ನನ್ನ ಆಕ್ಷೇಪಣೆ."

ಸಭೆಯಲ್ಲಿ ಕೆಲವರು ನಕ್ಕರು. ಮಾವ ನಗಲಿಲ್ಲ. ಅಧಿಕಾರಿಯ ದನಿ ಬಿಟ್ಟು ಮೆಲ್ಲನೆ ಹೇಳಿದರು: "ನಿನ್ನ ಗದ್ದೆ ಒಂದನ್ನು ಬಿಟ್ಟರೆ ನಾಳೆ ಯಾರ ಗದ್ದೆಯನ್ನು ಹಿಡಿದು ನಿಲ್ಲಿಸಲಿ? ನನ್ನ ಬಾಯಿಗೆ ಮರ್ಯಾದೆ ಉಂಟಾ ಆಮೇಲೆ?"

"ನಿನ್ನ ಮರ್ಯಾದೆಗೆ ನನ್ನ ಗದ್ದೆಯೇ ಆಗಬೇಕಾ, ಅಣ್ಣ?" ಎಂದು ಅಮ್ಮ ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ನಡೆದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನನಗೆ ಆ ದಿನ ಮಾವನ ಮೇಲೆ ಸಿಟ್ಟೇ ಬಂದಿತ್ತು.

ಆ ವಾರವೇ ಮಾವ ಮನೆಗೆ ಬಂದರು. ಅಮ್ಮನ ಗದ್ದೆಯ ಮೇಲ್ಗಡೆ, ಅದೇ ಗುಡ್ಡೆಯ ಬದಿಯಲ್ಲಿ ಅವರು ತಮಗೆಂದು ತೆಗೆದುಕೊಂಡ ಹತ್ತು ಸೆಂಟ್ಸ್ ಜಾಗ ಇತ್ತು. ಮನೆ ಕಟ್ಟಬಹುದಾದ ಜಾಗ. "ಅದು ನಿನಗೆ. ಅಲ್ಲಿ ಕಟ್ಟು" ಎಂದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. "ನನಗೆ ಯಾರ ದಾನವೂ ಬೇಡ ಎಂದು ನಿನ್ನ ಮಾವನಿಗೆ ಹೇಳು" ಎಂದು ಒಳಗಿನಿಂದ ನನಗೆ ಹೇಳಿದಳು. ಅಲ್ಲಿಂದ ಮುಂದೆ ಕೆಲವು ವರ್ಷ ಅಣ್ಣತಂಗಿಯ ಮಾತುಕತೆಯೆಲ್ಲ ನನ್ನ ಮೂಲಕವೇ ನಡೆಯಿತು. ಅಂಚೆಯವಳಿಗೂ ನನಗೂ ವ್ಯತ್ಯಾಸ ಇರಲಿಲ್ಲ, ಸಂಬಳ ಒಂದು ಸಿಗುತ್ತಿರಲಿಲ್ಲ, ಅಷ್ಟೆ.

ಈ ಮುನಿಸಿನ ನಡುವೆಯೇ ನನ್ನ ಮದುವೆಯ ಮಾತು ಬಂತು. ನಮ್ಮಲ್ಲಿ ಸೋದರಮಾವ ಮುಂದೆ ನಿಲ್ಲದೆ ಹುಡುಗಿಯ ಮದುವೆ ಆಗುವುದಿಲ್ಲ. ಅಮ್ಮ ಹಲ್ಲು ಕಚ್ಚಿ "ಮಾವನಿಗೆ ಬರಲಿಕ್ಕೆ ಹೇಳು" ಎಂದಳು. ಹುಡುಗನ ಮನೆ ಕಾಪುವಿನ ಹತ್ತಿರದ ಇನ್ನಂಜೆಯಲ್ಲಿ. ಹಿರಿಯರೆಲ್ಲ ಮನೆ ನೋಡಲು ಹೋದರು. ಅಲ್ಲಿ ಹುಡುಗನ ಕೆಲಸ, ಸಂಬಳ, ಕುಟುಂಬ ಎಂದು ವಿಚಾರಣೆ ನಡೆಯುತ್ತಿರುವಾಗ ಮಾವ ಕಾಣೆ. ಅವರು ಹಿತ್ತಿಲಿನಲ್ಲಿ ಕೊಡಪಾನ ಇಳಿಸಿ ನೀರು ಸೇದಿ ಕುಡಿಯುತ್ತಿದ್ದರು. ಬೆಲ್ಲ ಕೊಟ್ಟರೂ ಬಾಯಿಗೆ ಹಾಕಿಕೊಳ್ಳಲಿಲ್ಲ, ಸಿಹಿ ತಿಂದರೆ ನೀರಿನ ರುಚಿ ತಿಳಿಯುವುದಿಲ್ಲವಂತೆ. ಒಳಗೆ ಬಂದು ಎಲ್ಲರ ಎದುರು ತೀರ್ಪು ಕೊಟ್ಟರು:

"ಸಮುದ್ರ ಇಷ್ಟು ಹತ್ತಿರ ಇದ್ದರೂ ಉಪ್ಪು ಇಲ್ಲ. ಮೇ ತಿಂಗಳಲ್ಲಿಯೂ ನೀರು ಇರುತ್ತದೆ. ನನ್ನದು ಒಪ್ಪಿಗೆ. ಹುಡುಗನ ವಿಷಯ ನೀವು ವಿಚಾರಿಸಿ."

ಈ ಕಥೆಯನ್ನು ಹೇಳಿ ನನ್ನ ಗಂಡ ಇವತ್ತಿಗೂ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ತಮ್ಮನ್ನು ಯಾರೂ ಒಪ್ಪಲಿಲ್ಲ, ಬಾವಿಯನ್ನು ಒಪ್ಪಿದರು ಎಂದು. ಆದರೆ ಅಮ್ಮ ಆ ದಿನ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನಾನು ಆಮೇಲೆ ಜೊತೆಗೆ ಹೋಗಿದ್ದ ಚಿಕ್ಕಮ್ಮನಿಂದ ಕೇಳಿದೆ.

ಮದುವೆಯ ನಂತರದ ಬೇಸಿಗೆಯಲ್ಲಿ ಮಾವ ತಮ್ಮ ಹತ್ತು ಸೆಂಟ್ಸಿನಲ್ಲಿ ಬಾವಿ ತೋಡಿಸಿದರು. ಯಾರಿಗೂ ಹೇಳಿರಲಿಲ್ಲ. ಮುರಕಲ್ಲು ದಾಟಿ ಒಸರು ಸಿಕ್ಕಿದ ದಿನ ಇನ್ನಂಜೆಗೆ ಬಸ್ಸು ಹಿಡಿದು ಬಂದು, "ನೀರು ಬಂತು ಎಂದು ನಿನ್ನ ಅಮ್ಮನಿಗೆ ಹೇಳು. ಅವಳ ಗದ್ದೆಯ ನೀರೇ ಅದು, ದಾನ ಅಲ್ಲ. ಗದ್ದೆ ಇರುವವರೆಗೆ ಬಾವಿಯೂ ಇರುತ್ತದೆ" ಎಂದರು. ನಾನು ಹೋಗಿ ಹೇಳಿದೆ. ಮರುದಿನ ಶಾಲೆ ಬಿಟ್ಟ ಮೇಲೆ ಅಮ್ಮ ಒಬ್ಬಳೇ ಹೋಗಿ ಬಾವಿ ನೋಡಿಕೊಂಡು ಬಂದಳಂತೆ. ಮುಂದಿನ ವರ್ಷ ಅಲ್ಲಿ ಮನೆ ಎದ್ದಿತು, ಸಣ್ಣದು, ಹಂಚಿನದು. ಮನೆಯೊಕ್ಕಲಿನ ದಿನ ಅವಳೇ ಮಾವನಿಗೆ ಬಡಿಸಿದಳು. "ಇನ್ನೂ ಸ್ವಲ್ಪ ಹಾಕಲಾ, ಅಣ್ಣ?" ಎನ್ನುವುದು ಅಷ್ಟು ವರ್ಷಗಳ ನಂತರದ ಮೊದಲ ಮಾತು.

ಇದರಲ್ಲಿ ಮನೆಯ ಜಾಗ ಕಳೆದುಕೊಂಡವರು ಅತ್ತೆ. ಅವರು ಒಮ್ಮೆ ನನ್ನೆದುರೇ ಮಾವನನ್ನು ಕೇಳಿದರು: "ಊರಿಗೆಲ್ಲ ಮನೆ ಎಲ್ಲಿ ಕಟ್ಟಬೇಕು ಎಂದು ಹೇಳುತ್ತೀರಿ. ನನಗಾದರೆ ಬೆಳ್ಮಣ್ಣಿನಲ್ಲಿ ನನ್ನ ತಾಯಿಮನೆ ಉಂಟು. ನಿಮಗೆ ಎಲ್ಲಿ ಉಂಟು?" ಮಾವ ಪೇಪರಿನಿಂದ ಕಣ್ಣು ತೆಗೆಯದೆ, "ನಿನ್ನ ಮನೆಯಲ್ಲಿ ಒಂದು ಮೂಲೆ ಕೊಡುವುದಿಲ್ವಾ?" ಎಂದರು. ನಿವೃತ್ತಿಯಾದ ಮೇಲೆ ಹಾಗೆಯೇ ಆಯಿತು. ಹೆಂಡತಿಯ ಮನೆಯಲ್ಲಿ ಉಳಿಯುವ ಗಂಡಸನ್ನು ನಮ್ಮ ಕಡೆ ಜನ ಹಗುರವಾಗಿ ನೋಡುತ್ತಾರೆ. ಮಾವ ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ, ಬೆಳ್ಮಣ್ಣಿನಿಂದ ಕಾರ್ಕಳದವರೆಗೆ ಬಾವಿ, ಕೆರೆ ನೋಡುತ್ತ ತಿರುಗಿದರು.

ಅವರ ನಕ್ಷೆ ಪೂರ್ತಿಯಾಗಿ ಉಳಿಯಲಿಲ್ಲ. ಅವರು ನಿವೃತ್ತರಾಗಿ ಹೋದ ಮೇಲೆ ಒಂದೊಂದು ಅರ್ಜಿಗೆ ಒಂದೊಂದು ಕಡೆ ಹಸಿರು ಕರಗಿತು. ದೂರದ ಒಂದು ಬೈಲು ಇಡಿಯಾಗಿ ಸೈಟುಗಳಾಯಿತು. ಅಲ್ಲಿ ಮಳೆಗಾಲದಲ್ಲಿ ಜಗಲಿಗೆ ನೀರು, ಏಪ್ರಿಲಿನಲ್ಲಿ ಬಾವಿಯ ತಳದಲ್ಲಿ ಕೆಸರು. ನಾನು ಅದನ್ನು ಹೇಳಿದಾಗ ಮಾವ, ತಾವು ಹೇಳಿದ್ದೇ ಸರಿಯಾಯಿತು ಎಂದು ಬೀಗಲಿಲ್ಲ. "ಪಾಪ, ಸಾಲ ಮಾಡಿ ಕಟ್ಟಿದ್ದಾರೆ" ಎಂದರು. ನಮ್ಮ ಬೈಲು ಮಾತ್ರ ಉಳಿಯಿತು. ಅದನ್ನೂ ಬದಲಾಯಿಸಿ ಎಂದು ನೆರೆಯವರು ಅರ್ಜಿ ಹಿಡಿದು ಬಂದಾಗ ಅಮ್ಮ ಸಹಿ ಹಾಕಲಿಲ್ಲ. ಕಾರಣ ಕೇಳಿದವರಿಗೆ "ನನ್ನ ಬಾವಿಯಲ್ಲಿ ನೀರು ಬೇಕು" ಎಂದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಗದ್ದೆಗಳ ಕೊಯ್ಲು ಮುಗಿದಿದ್ದ ಒಂದು ಬೆಳಿಗ್ಗೆ, ಬೆಳ್ಮಣ್ಣಿನಲ್ಲಿ ಮಾವ ತೀರಿಕೊಂಡರು. ನಮ್ಮಲ್ಲಿ ಗಂಡಸಿನ ಹೆಣ ಹೊರಡಬೇಕಾದದ್ದು ಅವನ ಕುಟುಂಬದ ನೆಲದಿಂದ, ಬೆಂಕಿ ಕೊಡಬೇಕಾದವನು ಸೋದರಳಿಯ. ಮೂಲಮನೆ ಇಲ್ಲ, ಎಲ್ಲಿಗೆ ಒಯ್ಯುವುದು ಎಂದು ಹಿರಿಯರು ಜಗಲಿಯಲ್ಲಿ ಚರ್ಚೆಗೆ ಕುಳಿತರು. ಅಮ್ಮ ಎದ್ದು, "ಎಂತ ಯೋಚನೆ? ಅವನ ಮನೆಗೆ ತನ್ನಿ" ಎಂದಳು. ಅತ್ತೆ ಅವಳ ಕೈ ಹಿಡಿದುಕೊಂಡರು.

ಸ್ನಾನ ಮಾಡಿಸಲು ಮಾವ ತೋಡಿಸಿದ ಬಾವಿಯಿಂದ ನೀರು ಸೇದಿದ್ದು ಅಮ್ಮ. ಹಗ್ಗ ಯಾರ ಕೈಗೂ ಕೊಡಲಿಲ್ಲ. ಬಳಿಕ ಗುಡ್ಡೆ ಇಳಿಸಿ ಅವಳ ಗದ್ದೆಯಲ್ಲಿ, ಕೂಳೆಗಳ ನಡುವೆ, ಚಿತೆ ಒಟ್ಟಿದರು. ತಮ್ಮ ಬೆಂಕಿ ಕೊಟ್ಟ. ನಮ್ಮ ಹಿಂದಿನವರನ್ನೆಲ್ಲ ಹೀಗೆ ಅವರವರ ಗದ್ದೆಯಲ್ಲಿಯೇ ಸುಟ್ಟದ್ದು. ಆದರೆ ಆ ಹೊತ್ತಿಗೆ ಇಡೀ ಕುಟುಂಬದಲ್ಲಿ ಮಣ್ಣು ತುಂಬಿಸದೆ ಉಳಿದ ಗದ್ದೆ ಅದೊಂದೇ ಇತ್ತು. ಹೊಗೆ ಬೈಲಿನ ಮೇಲೆ ಹರಡುವುದನ್ನು ನೋಡುತ್ತ ಅಮ್ಮ ನನ್ನ ಕಿವಿಯ ಹತ್ತಿರ ಹೇಳಿದಳು:

"ಅವನು ಆ ದಿನ ನನ್ನ ಮಾತು ಕೇಳಿದ್ದಿದ್ದರೆ, ಇವತ್ತು ಅವನನ್ನು ಮಲಗಿಸಲಿಕ್ಕೆ ನನ್ನ ಹತ್ತಿರ ಜಾಗ ಎಲ್ಲಿತ್ತು?"