ತವರಿನ ಬ್ಯಾಟರಿ

ನನ್ನ ಗಂಡನ ಮುಂದಿನ ಎರಡು ಹಲ್ಲು ಹೋದದ್ದು ಜೀಪಿನ ಬ್ಯಾಟರಿ ಕೈಕೊಟ್ಟಿದ್ದರಿಂದ. ಹಾಗಂತ ಒಂದು ವರ್ಷ ಪೂರ್ತಿ ನಾನು ನಂಬಿದ್ದೆ.

ಶಿಕಾರಿಪುರದಲ್ಲಿ ನಮ್ಮದು ಮೈಕ್ ಸೆಟ್ಟಿನ ಮನೆ. ತಲೆಯ ಮೇಲೆ ಎರಡು ಹಾರ್ನು ಕಟ್ಟಿದ ಹಳೆಯ ಜೀಪು, ಒಂದು ಆಂಪ್ಲಿಫೈಯರು, ಮತ್ತು ನನ್ನ ಯಜಮಾನರ ದನಿ, ಇವಿಷ್ಟೇ ಬಂಡವಾಳ. ಜೀಪು ಓಡಿಸುವವನು ಮೈದುನ. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಟಾಕೀಸಿನ ಪ್ರಚಾರ, ಮದುವೆ, ಚುನಾವಣೆ ಎಲ್ಲಕ್ಕೂ ಜೀಪು ಹೋಗುತ್ತಿತ್ತು. ಆದರೆ ದೀಪಾವಳಿ ಕಳೆದು ಹೋರಿ ಬೆದರಿಸುವ ಹಬ್ಬಗಳು ಶುರುವಾದರೆ ಸಾಕು, ಇವರು ಮನೆಯ ಊಟಕ್ಕೂ ಸಿಗುತ್ತಿರಲಿಲ್ಲ. ಈ ಕಡೆ ತಾಳಗುಂದದಿಂದ ಹಿಡಿದು ಆ ಕಡೆ ಸೊರಬದ ತುದಿಯವರೆಗೆ ಎಲ್ಲ ಊರಿನವರೂ ಇವರೇ ಬೇಕು ಅನ್ನುತ್ತಿದ್ದರು.

ಆ ಹಬ್ಬ ಕಂಡಿಲ್ಲದವರಿಗೆ ಎರಡು ಮಾತು. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಎರಡೂ ಬದಿಗೆ ಜನ ಒತ್ತಿ ನಿಂತ ಓಣಿಯಲ್ಲಿ ಬಿಡುತ್ತಾರೆ. ಹಿಡಿಯುವ ಹುಡುಗರು ಅದರ ಮೈಮೇಲೆ ಬಿದ್ದು ಸರ ಹರಿಯಬೇಕು. ಹರಿದರೆ ಅವರು ಗೆದ್ದರು. ಹರಿಯದೆ ದಾಟಿಬಿಟ್ಟರೆ ಹೋರಿ ಗೆದ್ದಿತು, ಅದರ ಮನೆಯವರು ಗೆದ್ದರು, ಅವರ ಊರೇ ಗೆದ್ದಿತು. ಧೂಳಿನಲ್ಲಿ ಯಾರಿಗೂ ಏನೂ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಮೈಕಿನಲ್ಲಿ ಬಂದದ್ದೇ ತೀರ್ಪು. ಆ ತೀರ್ಪು ಹೇಳುತ್ತಿದ್ದವರು ನನ್ನ ಗಂಡ. ಆ ದನಿಗೆ ಓಡುವ ಹೋರಿಯೂ ಒಮ್ಮೆ ಕಿವಿ ತಿರುಗಿಸುತ್ತದೆ ಎಂದು ಜನ ಹೇಳುತ್ತಿದ್ದರು. ನಾನೂ ಅವರನ್ನು ಮೊದಲು ಕಂಡದ್ದು ಕಣ್ಣಿನಿಂದಲ್ಲ, ಕಿವಿಯಿಂದಲೇ. ತೊಗರ್ಸಿಯ ನಮ್ಮ ಮನೆಯ ಮುಂದೆ ಜೀಪು ಹಾದುಹೋದಾಗ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ಕೇಳಿದ್ದೆ.

ಹಲ್ಲು ಹೋದ ವರ್ಷ ಸೊರಬದ ಕಡೆಯ ಒಂದು ಊರಿನಲ್ಲಿ ಹಬ್ಬ. ಬೆಳಗಿನಿಂದ ಜೀಪು ಒಂದೇ ಕಡೆ ನಿಂತಿತ್ತು, ಎಂಜಿನ್ ಬಂದಾಗಿತ್ತು, ಮೈಕು ಮಾತ್ರ ಒಂದೇ ಸಮನೆ ಬ್ಯಾಟರಿ ಹೀರುತ್ತಿತ್ತು. ಸಂಜೆ ಹೊತ್ತಿಗೆ ಒಬ್ಬ ದೊಡ್ಡ ಕುಳದ ಹೋರಿ ಯಾರ ಕೈಗೂ ಸಿಗದೆ ದಾಟಿತು. ಇವರು ಅದನ್ನು ಹೇಳಲು ಬಾಯಿ ತೆರೆದರು. ಹಾರ್ನು ಗೊರಗೊರ ಎಂದು ಸತ್ತೇಹೋಯಿತು. ಗೆದ್ದ ಸುದ್ದಿ ನುಂಗಿಬಿಟ್ಟ, ಎದುರಿನವರ ಕಡೆಯವನು, ಬೇಕಂತಲೇ ಬಂದ್ ಮಾಡಿದ ಎಂದು ಕುಳದ ಕಡೆಯವರು ಜೀಪಿಗೆ ಮುತ್ತಿದರು. ಮೈದುನ ಸೆಲ್ಫ್ ಹೊಡೆದ. ಬ್ಯಾಟರಿಯಲ್ಲಿ ಇದ್ದರೆ ತಾನೆ! ಜೀಪು ಮಿಸುಕಲಿಲ್ಲ. ಇವರನ್ನು ಅಂಗಿ ಹಿಡಿದು ಎಳೆದು ಕೆಡವಿ ತುಳಿದರು. ಮನೆಗೆ ಬಂದಾಗ ಬಾಯಿ ಒಡೆದ ದಾಳಿಂಬೆಯ ಹಾಗಿತ್ತು, ಎಡಗೈಯ ಕಿರುಬೆರಳು ಹಿಂದಕ್ಕೆ ಮಡಚಿತ್ತು.

"ಇನ್ನ ಮೈಕ್ ಹಿಡೀಬ್ಯಾಡ್ರಿ" ಎಂದು ಕಾಲು ಹಿಡಿದುಕೊಂಡೆ. ಅತ್ತೆ ಊಟ ಬಿಟ್ಟು ಕೂತರು. ಯಾರ ಮಾತಿಗೂ ಇವರು ಜಗ್ಗಲಿಲ್ಲ.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರ. ಮಾತೇ ನಿಂತಿದ್ದಕ್ಕ ಜಗಳ ಆತು. ಮೈಕ್ ಬಿಟ್ರ ನಾ ಏನ್ ಉಳೀತೀನಿ, ಹೇಳು?" ಅಂದರು. ಹಲ್ಲಿನ ಸಂದಿಯಿಂದ ಗಾಳಿ ಸೋರುತ್ತಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬಿಡುವುದಿಲ್ಲವೆಂದ ಮೇಲೆ ಇನ್ನು ಆ ಮೈಕು ಸಾಯದ ಹಾಗೆ ನೋಡಿಕೊಳ್ಳುವುದೊಂದೇ ದಾರಿ. ಮತ್ತೊಮ್ಮೆ ಸತ್ತರೆ ಅದರ ಜೊತೆ ಇವರನ್ನೂ ಕೊಲ್ಲುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಮುಂದಿನ ದೀಪಾವಳಿಗೆ ಅಪ್ಪ ಕರೆಯಲು ಬಂದರು. "ಈ ಸಲ ಯಾವ ಬಣ್ಣದ್ ಸೀರೆ ತರ್ಲವ್ವ?" ಎಂದು ಕೇಳಿದರು.

"ಸೀರೆ ಬ್ಯಾಡಪ್ಪ. ಟ್ರ್ಯಾಕ್ಟರಿಗೆ ಅಂತ ಹೊಸ ಬ್ಯಾಟರಿ ತಂದೀಯಲ್ಲ, ಅದನ್ನ ಕೊಡು" ಅಂದೆ.

ಅಪ್ಪ ನನ್ನ ಮುಖ ನೋಡಿದರು, ಅಳಿಯನ ಬಾಯಿ ನೋಡಿದರು, ಹೂಂ ಅಂದರು. ಹಬ್ಬ ಮುಗಿಸಿ ತವರಿನಿಂದ ಹೊರಟಾಗ ಬಸ್ಸಿನಲ್ಲಿ ಹೋಳಿಗೆಯ ಬುಟ್ಟಿ ನನ್ನ ತೊಡೆಯ ಮೇಲಿತ್ತು, ಬ್ಯಾಟರಿ ಕಾಲ ಬಳಿ ಇತ್ತು. ಆಸಿಡ್ ತುಳುಕಿ ಹೊಸ ಸೀರೆಯ ಅಂಚು ಜರಡಿಯಾಯಿತು. ಸೀರೆ ಬೇಡವೆಂದರೂ ಅಮ್ಮ ಕೊಟ್ಟಿದ್ದಳು.

ಜೋಡಿಸುವ ಕೆಲಸ ನನ್ನದು ಮತ್ತು ಮೈದುನನದು. ಇವರಿಗೆ ವೈರು ಕಂಡರೆ ಆಗದು. ನನ್ನ ಲೆಕ್ಕ ಇಷ್ಟೇ: ಜೀಪು ಓಡುವಾಗ ಡೈನಮೋ ಎರಡೂ ಬ್ಯಾಟರಿಗೆ ಉಣಿಸಬೇಕು, ಜೀಪು ನಿಂತ ಮೇಲೆ ನಡುವಿನ ಸ್ವಿಚ್ಚು ಎತ್ತಿದರೆ ಮೈಕು ಜೀಪಿನ ಹಿಂಬದಿಗಿಟ್ಟ ಹೊಸ ಬ್ಯಾಟರಿಯನ್ನು ಮಾತ್ರ ತಿನ್ನಬೇಕು, ಮುಂದಿರುವ ಹಳೆಯದು ಸೆಲ್ಫ್ ಹೊಡೆಯಲು ಮೀಸಲು. ಹಿಂದಿನದನ್ನು ಬೇಕೆಂದಾಗ ಎತ್ತಿಕೊಂಡು ಹೋಗುವಂತಿರಬೇಕೆಂದು ಮಾವಿನ ಹಲಗೆಯ ಪೆಟ್ಟಿಗೆ ಮಾಡಿಸಿ ಎರಡು ಕಡೆ ಹಗ್ಗದ ಹಿಡಿ ಹಾಕಿಸಿದೆ. ಕುಲುಕಿಗೆ ಹಾರದಂತೆ ಕಬ್ಬಿಣದ ಪಟ್ಟಿಯಿಂದ ಅದನ್ನು ಜೀಪಿನ ತಳಕ್ಕೆ ಬಿಗಿದೆವು. ತಳದಲ್ಲಿ ತೂತು ಕೊರೆದು ದಪ್ಪ ವೈರು ಎಳೆದದ್ದೂ ಆಯಿತು.

ಮೈದುನ ಬನಿಯನ್ನಿನಲ್ಲಿದ್ದ. ಕೊನೆಯ ನಟ್ಟು ಬಿಗಿಯಲು ಬಗ್ಗಿದ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ, ಒಳಗೆ ಲಿಂಗ, ಬನಿಯನ್ನಿನಿಂದ ಜಾರಿ ಹೊರಗೆ ತೂಗಿತು. ಒಂದು ಬದಿ ಬ್ಯಾಟರಿಯ ತಲೆಗೆ, ಇನ್ನೊಂದು ಬದಿ ಕಬ್ಬಿಣದ ಪಟ್ಟಿಗೆ ತಾಗಿತು. ಫಟ್ ಎಂದು ನೀಲಿ ಬೆಂಕಿ ಎದ್ದಿತು. ಬೆಳ್ಳಿ ಕ್ಷಣದಲ್ಲಿ ಕೆಂಪಾಯಿತು. ನಾನು ಅವನ ಬನಿಯನ್ ಹಿಡಿದು ಎಳೆದ ರಭಸಕ್ಕೆ ಅವನು ಜೀಪಿನಿಂದ ಹೊರಗೆ ಸಗಣಿ ಪುಟ್ಟಿಯ ಮೇಲೆ ಅಂಗಾತ ಬಿದ್ದ. ಎದೆಯ ಮೇಲೆ ಕರಡಿಗೆಯ ಗುರುತು ಅಚ್ಚೊತ್ತಿ ಚರ್ಮ ಸುಲಿದಿತ್ತು. ಬೆಳ್ಳಿಯ ಅಂಚು ಕರಗಿ ಇಲಿ ಕಡಿದಂತಾಗಿತ್ತು. ಒಳಗಿನ ಲಿಂಗಕ್ಕೆ ಏನೂ ಆಗಿರಲಿಲ್ಲ.

ಅತ್ತೆ ಓಡಿಬಂದು ನೋಡಿ ಎದೆ ಬಡಿದುಕೊಂಡರು. "ಲಿಂಗಕ್ಕ ಬೆಂಕಿ ಮುಟ್ಟೈತಿ! ಈ ಡಬ್ಬಿ ನಮ್ ಮನ್ಯಾಗ ಬ್ಯಾಡ. ಬಿಚ್ಚು, ತವರಿಗೆ ವಾಪಸ್ ಕಳ್ಸು."

"ಲಿಂಗ ಕಾದೈತಿ ಅನ್ರಿ ಅತ್ತಿ. ಇಲ್ಲಾಂದ್ರ ನಿಮ್ಮ ಮಗ ಉಳೀತಿದ್ನಾ?" ಅಂದೆ.

"ನೀ ಗಂಡನ್ನ ಉಳ್ಸಾಕ ಹೋಗಿ ನನ್ನ ಸಣ್ಣ ಮಗನ್ನ ಸುಡಾಕತ್ತೀ."

ಮೈದುನ ಸಗಣಿಯಲ್ಲಿ ಕೂತೇ ನಕ್ಕ. "ಅವ್ವಾ, ಅತ್ತಿಗೆ ಕೈಗಿಂತ ಬ್ಯಾಟರಿನೇ ವಾಸಿ, ಬಿಡು."

ನಾನು ಬಿಚ್ಚಲಿಲ್ಲ. ಸುಟ್ಟ ಗಾಯಕ್ಕೆ ಬೆಣ್ಣೆ ಹಚ್ಚಿದೆ, ಬ್ಯಾಟರಿಯ ತಲೆಗೆ ಸೈಕಲ್ ಟ್ಯೂಬು ಸುತ್ತಿದೆ, ಮರುದಿನ ಇವರನ್ನು ಹಿತ್ತಲಲ್ಲಿ ಕೂರಿಸಿ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಮೈಕಿನಲ್ಲಿ ಮಾತಾಡಿಸಿದೆ. ಹೇಳಲು ಏನೂ ಉಳಿಯದೆ ಕೊನೆಗೆ ಇವರು ನಮ್ಮ ಎಮ್ಮೆಯನ್ನೇ ಹೋರಿಯೆಂದು ಕೂಗತೊಡಗಿದರು. ಕೇರಿಯವರು ಬಂದು ಕೈಮುಗಿದರು. ಹಾರ್ನು ಒಮ್ಮೆಯೂ ಗೊರಗುಟ್ಟಲಿಲ್ಲ. ಆ ಸಂಜೆ ನನಗೆ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅದೇ ಊರಿನಿಂದ ಆ ವರ್ಷವೂ ಕರೆ ಬಂತು. ಹೋಗಬೇಡಿ ಎಂದು ಹೇಳಲಿಲ್ಲ, ನಾನೂ ಬರುತ್ತೇನೆ ಎಂದೆ. ಹೆಂಗಸರು ಮಾಳಿಗೆಯಿಂದ ನೋಡುವ ಹಬ್ಬ ಅದು. ನಾನು ಜೀಪಿನ ಹಿಂದೆ ಬ್ಯಾಟರಿಯ ಪಕ್ಕದಲ್ಲೇ ಕೂತೆ. ಯಾರಾದರೂ ವೈರಿಗೆ ಕೈ ಹಾಕಿದರೆ ಕೈ ಮುರಿಯುವುದೆಂದು ಜ್ಯಾಕಿನ ರಾಡು ಮಡಿಲಲ್ಲಿಟ್ಟುಕೊಂಡಿದ್ದೆ.

ಅಷ್ಟು ಹತ್ತಿರದಿಂದ ಹೋರಿಗಳನ್ನು ನಾನು ಕಂಡಿರಲಿಲ್ಲ. ಒಂದು ಹೋರಿ ಹಿಡಿಯಲು ಹಾರಿದವನ ತೊಡೆಗೆ ಕೊಂಬು ಹಾಕಿ, ಅವನನ್ನು ಹೊತ್ತುಕೊಂಡೇ ಓಡಿತು. ಇನ್ನೊಂದು ಜನರ ಗೋಡೆಗೆ ನುಗ್ಗಿತು, ಮೂಳೆ ಮುರಿದ ಸದ್ದು ನನಗೆ ಜೀಪಿನೊಳಗೆ ಕೇಳಿತು. ರಕ್ತ ಸುರಿಯುತ್ತಿದ್ದ ಕಿವಿಯನ್ನು ಒಬ್ಬ ಕೈಯಲ್ಲಿ ಒತ್ತಿ ಹಿಡಿದು ಮತ್ತೆ ಓಣಿಗೆ ಇಳಿದ. ನನ್ನವರ ದನಿ ಮಾತ್ರ ಎಲ್ಲದರ ಮೇಲೆ ತೇಲುತ್ತಿತ್ತು. "ದಾರಿ ಬಿಡ್ರಪ್ಪೋ, ಮಕ್ಕಳನ್ನ ಹಿಂದಕ್ಕ ಎಳ್ಕಳ್ರಿ, ಬಂತು, ಬಂತು, ಬಂತು!" ಆ ದನಿಗೆ ಜನ ಹಿಂದೆ ಸರಿಯುತ್ತಿದ್ದರು. ನಾನು ಹೆಮ್ಮೆಯಿಂದ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತೆ.

ಹೊತ್ತು ಇಳಿಯುವಾಗ ಹೋದ ವರ್ಷದ ಕುಳದ ಹೋರಿ ಬಂತು. ನಾನು ಮೊದಲು ನೋಡಿದ್ದು ಹೋರಿಯನ್ನಲ್ಲ, ಬ್ಯಾಟರಿಯನ್ನು. ಸ್ವಿಚ್ಚು ಸರಿಯಿತ್ತು, ವೈರು ಬಿಗಿಯಿತ್ತು. ಈ ಸಲ ಆ ಹೋರಿ ದಾಟಲಿಲ್ಲ. ಇಬ್ಬರು ಹುಡುಗರು ನಮ್ಮ ಜೀಪಿನ ಎದುರಲ್ಲೇ ಅದರ ಡುಬ್ಬ ತಬ್ಬಿ ಬಿದ್ದು ಕೊಬ್ಬರಿ ಸರ ಕಿತ್ತು ಮೇಲಕ್ಕೆತ್ತಿ ತೋರಿಸಿದರು. ಕಂಡದ್ದನ್ನು ಇವರು ಹೇಳಿದರು: "ಕೊಬ್ಬರಿ ಹರದಾರ! ಹುಡುಗ್ರು ಗೆದ್ದಾರ!" ಒಂದಕ್ಷರ ಕೂಡ ಒಡೆಯದೆ ಹಾರ್ನಿನಿಂದ ಆ ಮಾತು ಊರಿಗೆಲ್ಲ ಕೇಳಿತು.

ಕುಳದ ಮಗ, ಇಪ್ಪತ್ತೈದರ ಒಳಗಿನವನು, ಬಾರುಕೋಲು ಹಿಡಿದು ನೇರ ಜೀಪಿಗೆ ಬಂದ. "ಎಂತ ಹೇಳ್ದೆ? ಇನ್ನೊಂದ್ ಸಲ ಹೇಳು ನೋಡಣ!" ಎಂದ. ಇವರು ಇನ್ನೊಂದು ಸಲ ಹೇಳಿದರು. ಮೈಕಿನಲ್ಲೇ ಹೇಳಿದರು. ಅವನು ಬಾರುಕೋಲಿನ ಹಿಡಿಯಿಂದ ಇವರ ದವಡೆಗೆ ಬೀಸಿದ.

ಆಗ ನನಗೆ ತಿಳಿಯಿತು. ಹೋದ ವರ್ಷದ್ದೂ ಬ್ಯಾಟರಿಯ ತಪ್ಪಲ್ಲ. ಹೊಡೆಯಬೇಕೆಂದು ಬಂದವರಿಗೆ ಮೈಕು ಸತ್ತರೂ ನೆಪ, ಬದುಕಿದ್ದರೂ ನೆಪ.

ಇವರು ಜೀಪಿನಿಂದ ಕೆಳಗೆ ಬಿದ್ದರು. ಮೈಕು ಸೀಟಿನ ಮೇಲೆ ಬಿತ್ತು, ಆದರೆ ಬಂದ್ ಆಗಲಿಲ್ಲ. ಅವನು ಹೊಡೆದ ಒಂದೊಂದು ಏಟೂ, ಇವರ ಒಂದೊಂದು ನರಳಾಟವೂ ಎರಡು ಹಾರ್ನಿನಿಂದ ಇಡೀ ಬಯಲಿಗೆ ಕೇಳಿತು. ಜನ ನಿಂತಲ್ಲೇ ನಿಂತು ನೋಡಿದರು. ಮೈದುನ ಸೆಲ್ಫ್ ಹೊಡೆದ. ಜೀಪು ಒಂದೇ ಏಟಿಗೆ ಹತ್ತಿತು. "ಅತ್ತಿಗೆ, ಅಣ್ಣನ್ನ ಎಳ್ಕೊಳ್ರಿ, ಹೋಗಣ!" ಎಂದು ಕೂಗಿದ. ಹೋಗಬಹುದಿತ್ತು. ನಾನು ರಾಡು ಬಿಟ್ಟು ಮೈಕು ಎತ್ತಿಕೊಂಡೆ.

"ನೋಡ್ತಾ ನಿಂತೀರೇನ್ರೋ! ನ್ಯಾಯ ಹೇಳಿದ ಬಾಯಿ ಒಡೆಯಾಕತ್ತಾನ! ಗಂಡಸ್ರಾದ್ರ ಹಿಡೀರಿ ಅವನ್ನ! ಹೊಡೀರಿ!"

ಕೇಳಿದ್ದೇ ತಡ, ಜನ ಕಟ್ಟೆಯೊಡೆದಂತೆ ನುಗ್ಗಿದರು. ಅವನನ್ನು ಎಳೆದುಕೊಂಡು ಹೋಗಿ ಓಣಿಯ ನಡುವೆ ಕೆಡವಿದರು. ಹಗ್ಗ, ಕೋಲು, ಕಾಲು, ಸಿಕ್ಕಿದ್ದರಿಂದ ಹೊಡೆದರು. ಅಷ್ಟಕ್ಕೆ ನನಗೆ ಸಾಕೆನಿಸಲಿಲ್ಲ. "ಕೈಗೆ ಹಾಕ್ರಿ, ಆ ಕೈಗೆ!" ಎಂದೆ, ಕೈಗೆ ಹಾಕಿದರು. "ಕಾಲು ಮುರೀರಿ!" ಎಂದೆ, ಒಬ್ಬ ಕಲ್ಲು ಎತ್ತಿಕೊಂಡ. ನಾನು ಹೇಳಿದ್ದೆಲ್ಲ ಅಲ್ಲಿ ನಡೆಯುತ್ತಿತ್ತು. ಸುಳ್ಳೇಕೆ ಹೇಳಲಿ, ಹಿತವಾಗಿತ್ತು. ಒಂದು ವರ್ಷದ ಸಿಟ್ಟು ಬಾಯಿಂದ ಹೊರಟು, ಹತ್ತು ಪಟ್ಟು ದೊಡ್ಡದಾಗಿ ಹಾರ್ನಿನಿಂದ ಬೀಳುತ್ತಿತ್ತು.

ಕೂಗುತ್ತಲೇ ಇದ್ದೆ. ಯಾವಾಗಲೋ ನನ್ನ ದನಿ ನನಗೆ ಸಣ್ಣದಾಗಿ, ಬರೀ ಹೆಂಗಸಿನ ದನಿಯಾಗಿ ಕೇಳತೊಡಗಿತು. ಹಾರ್ನು ನಿಂತಿತ್ತು. ತಿರುಗಿ ನೋಡಿದೆ. ನನ್ನ ಗಂಡ ತೆವಳಿಕೊಂಡು ಜೀಪಿನ ಹಿಂದೆ ಹತ್ತಿ, ದವಡೆ ಜೋತುಬಿದ್ದ ಬಾಯಿಂದ ರಕ್ತ ಸುರಿಸುತ್ತಾ, ಬ್ಯಾಟರಿಯ ವೈರನ್ನು ಬರಿಗೈಯಲ್ಲಿ ಕಿತ್ತು ಹಿಡಿದುಕೊಂಡಿದ್ದರು.

ಹಾರ್ನು ನಿಂತದ್ದೇ ಜನರ ಕೈಯೂ ಸಡಿಲಾಯಿತು. ಮತ್ತೆ ಕಲ್ಲು ಎತ್ತಿದವನು ಅದನ್ನು ಪಕ್ಕಕ್ಕೆ ಹಾಕಿ ಸುತ್ತ ನೋಡಿದ. ಕುಳ ಓಡಿಬಂದು ಮಗನ ಮೇಲೆ ಅಡ್ಡಬಿದ್ದು ಗೋಳಾಡಿದ. ಆಸ್ಪತ್ರೆಗೆ ಒಯ್ಯಲು ಅಲ್ಲಿ ಚಾಲು ಇದ್ದ ಗಾಡಿ ನಮ್ಮದೊಂದೇ. ಮಾತಾಡಲಾಗದ ಇವರು ಕೈಸನ್ನೆ ಮಾಡಿ ಅವನನ್ನೂ ಜೀಪಿಗೆ ಹಾಕಿಸಿದರು. ಬ್ಯಾಟರಿ ಪೆಟ್ಟಿಗೆಯ ಆ ಕಡೆ ಅವನು, ಈ ಕಡೆ ಇವರು, ಸೊರಬದ ಆಸ್ಪತ್ರೆಯವರೆಗೆ ಇಬ್ಬರೂ ಒಂದೇ ಸಮನೆ ನರಳಿದರು. ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಬದುಕಿದ. ಬಲಗಾಲು ಎಳೆಯುತ್ತಾ ನಡೆಯುತ್ತಾನೆಂದು ಆಮೇಲೆ ಕೇಳಿದೆ. ಇವರ ದವಡೆಗೆ ತಂತಿ ಕಟ್ಟಿದ್ದರು. ಬಿಚ್ಚುವವರೆಗೆ ಗಂಜಿ ಕುಡಿಸಿದೆ. ದವಡೆ ಕೂಡಿಕೊಂಡಿತು, ದನಿಗೆ ಏನೂ ಊನವಾಗಿರಲಿಲ್ಲ. ಮೊದಲ ಸಲ ಅವರು "ನೀರು ಕೊಡು" ಎಂದಾಗ ಅದೇ ದನಿ ಎಂದು ನಾನು ಅತ್ತುಬಿಟ್ಟೆ.

ಚಳಿ ಮುಗಿಯುವ ಹೊತ್ತಿಗೆ ಕೊನೆಯ ಹೋರಿ ಹಬ್ಬವೊಂದಕ್ಕೆ ಇವರನ್ನು ಕರೆಯಲು ಬೇರೊಂದು ಊರಿನವರು ಬಂದರು. ಇವರು ಬಂದವರನ್ನು ಜಗುಲಿಯಲ್ಲಿ ಕೂರಿಸಿ ಚಹಾ ಕೊಟ್ಟು, ಆಗುವುದಿಲ್ಲವೆಂದು ಕಳಿಸಿಬಿಟ್ಟರು. ನಾನು ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದೆ.

"ಹೊಡ್ತಕ್ಕ ಹೆದರಿದ್ರೇನು? ಬ್ಯಾಟರಿ ಗಟ್ಟಿ ಐತಿ, ಜೀಪ್ ಹತ್ತತೈತಿ, ನಾ ಜೊತಿಗೆ ಇರ್ತೀನಿ" ಅಂದೆ.

"ಹೊಡ್ತ ಎರಡ್ ಸಲ ತಿಂದೀನಿ, ಅದಕ್ಕಲ್ಲ" ಅಂದರು. ಲೋಟ ಕೆಳಗಿಟ್ಟರು. "ಅವತ್ತ ನೆಲದ ಮ್ಯಾಲ ಬಿದ್ದು ನಿನ್ನ ದನಿ ಕೇಳ್ದೆ. ಜನ ನನ್ನ ಮಾತ್ ಕೇಳ್ತಾರ ಅಂತ ಇಷ್ಟ್ ವರ್ಷ ಉಬ್ಬಿದ್ದೆ. ಅವರು ಕೇಳದು ನನ್ನನ್ನಲ್ಲ, ಹಾರ್ನನ್ನ. ಅದರಾಗ ಹಿಂದಕ್ಕ ಸರೀರಿ ಅಂದ್ರೂ ಕೇಳ್ತಾರ, ಕೊಲ್ಲು ಅಂದ್ರೂ ಕೇಳ್ತಾರ. ನನಗ ಅದು ಬ್ಯಾಡ."

ಎದ್ದು ದನಗಳಿಗೆ ಹುಲ್ಲು ಹಾಕಲು ಹೋದರು. ಮತ್ತೆಂದೂ ಮೈಕು ಮುಟ್ಟಲಿಲ್ಲ. ಆ ಹುಡುಗನ ಕಾಲಿನ ಬಗ್ಗೆ ನನಗೆ ಇವತ್ತಿಗೂ ಕನಿಕರವಿಲ್ಲ. ಆದರೆ ಎರಡು ಸಲ ಬಡಿದು ತುಳಿದವರಿಂದಲೂ ಆಗದ, ಇವರ ಮೈಕು ಬಿಡಿಸುವ ಕೆಲಸವನ್ನು ಮಾಡಿ ಮುಗಿಸಿದವಳು ನಾನು.