ನಾಳೆ ತಿನ್ನುವ ವಡೆ

"ನಾಲಿಗೆ ಕಟ್ಟಲಾರದವಳು ದುಡ್ಡು ಕೂಡಿಡುತ್ತಾಳಾ?" ಎಂದು ನಕ್ಕವರು ನನ್ನ ಅತ್ತೆ. ಹಿಟ್ಟು ರುಬ್ಬಿ ಮಾರಲು ಗ್ರೈಂಡರ್ ಕೊಳ್ಳುತ್ತೇನೆ ಎಂದಿದ್ದೆ, ಅಷ್ಟೇ.

ಅಂದಿನಿಂದ ಗಿಂಡಿ ಬಡಾವಣೆಯ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದರೆ, ಮೆಟ್ಟಿಲ ಬಳಿಯ ಉದ್ದಿನವಡೆ ಗಾಡಿಯನ್ನು ಹಸಿದ ಹೊಟ್ಟೆಯಲ್ಲೇ ದಾಟುತ್ತಿದ್ದೆ. ವಡೆಯ ಕಾಸು ಮನೆಯ ಡಬ್ಬಿಗೆ ಬೀಳುತ್ತಿತ್ತು. ಗಾಡಿಯವರು ತಮಿಳಿನಲ್ಲಿ ಕೆಣಕುತ್ತಿದ್ದರು.

"ಏನಮ್ಮಾ, ಇವತ್ತೂ ಉಪವಾಸವಾ?"

"ನಾಳೆ ತಿಂತೀನಿ ಅಣ್ಣಾ."

"ನಿಮ್ಮ ನಾಳೆಗೆ ಕಾದ್ರೆ ನನ್ನ ಎಣ್ಣೆ ಆರಿಹೋಗುತ್ತೆ."

ಕೆಲವು ವರ್ಷಗಳ ಮೇಲೆ ಗ್ರೈಂಡರ್ ಮನೆಗೆ ಬಂತು. ಆ ಸಂಜೆ ಗಾಡಿಯ ಮುಂದೆ ನಿಂತು ವಡೆ ಕೇಳಿದೆ. ಬಿಸಿಯಾದದ್ದನ್ನೇ ಆರಿಸಿ ಕೊಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತರು.

"ಹೇಗಿದೆ?"

"ಹಿಟ್ಟು ತರಿತರಿ ಅಣ್ಣಾ. ಯಾರು ರುಬ್ಬೋದು?"

ಅವರ ಮುಖ ಸಣ್ಣದಾಯಿತು. "ಇಷ್ಟು ವರ್ಷ ಕಾಯಿಸಿ ಇದನ್ನ ಹೇಳೋಕೆ ಬಂದ್ರಾ?"

"ನಾಳೆ ನಾನು ರುಬ್ಬಿ ತರ್ತೀನಿ. ಹಿಡಿಸದಿದ್ರೆ ಕಾಸು ಬೇಡ."

ಆ ನಾಳೆ ಮಾತ್ರ ಮರುದಿನವೇ ಬಂತು. ಗಾಡಿಯವರೇ ನನ್ನ ಮೊದಲ ಗಿರಾಕಿ.

ಈಗ ನನ್ನದೇ ಅಂಗಡಿಯಲ್ಲಿ ನಾಲ್ಕು ಗ್ರೈಂಡರ್ ತಿರುಗುತ್ತವೆ. ಅದಕ್ಕೆ ತೆತ್ತ ಬೆಲೆ ಇಷ್ಟೇ: ಯಾರ ವಡೆ ಬಾಯಿಗಿಟ್ಟರೂ ರುಚಿಗಿಂತ ಮೊದಲು ಹಿಟ್ಟಿನ ತಪ್ಪು ಸಿಗುತ್ತದೆ.