ತಂಗಿಯ ಆರನೇ ಬೆರಳು

ನನ್ನ ತಂಗಿಯ ಎಡಗೈಗೆ ಆರು ಬೆರಳು. ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಪುಟ್ಟದು, ಉಗುರು ಸಮೇತ. ನಮ್ಮದು ಜವನಗೊಂಡನಹಳ್ಳಿ ಕಡೆ ಕುರಿ ಸಾಕುವ ಮನೆ. ಉಣ್ಣೆ ನೂಲುವಾಗ ಎಳೆ ಕಡಿದರೆ ಅವಳು ಅದರ ತುದಿಯನ್ನು ಆ ಬೆರಳಿಗೆ ಸುತ್ತಿಕೊಂಡು, ಉಳಿದ ಬೆರಳುಗಳಿಂದ ಉಣ್ಣೆ ಬಿಡಿಸುತ್ತಿದ್ದಳು. ಅವ್ವನಿಗೆ ಅದು ಅದೃಷ್ಟದ ಬೆರಳು.

ಎಪ್ಪತ್ತರ ದಶಕದ ಮೊದಲಲ್ಲಿ ಹೊಸದುರ್ಗದವರು ಅವಳನ್ನು ನೋಡಲು ಬಂದರು. ಹುಡುಗನ ತಾಯಿಗೆ ಎಲ್ಲವೂ ಒಪ್ಪಿಗೆ, ಆ ಬೆರಳೊಂದು ಬಿಟ್ಟು. ತೆಗೆಸಿದರೆ ಮುಂದಿನ ಮಾತು ಎಂದು ಹೇಳಿ ಹೋದರು. ಹುಟ್ಟುತ್ತಲೇ ಬಂದದ್ದನ್ನು ಕಡಿಸಲು ನಾವ್ಯಾರು ಎಂದು ಅಪ್ಪ ತಕರಾರು ತೆಗೆದ. ನಾನು ಆಗಷ್ಟೇ ಮೇಷ್ಟ್ರಾಗಿದ್ದೆ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಉಗುರು ಕತ್ತರಿಸುವುದಿಲ್ಲವೇ, ಹೆಣ್ಣುಮಕ್ಕಳಿಗೆ ಕಿವಿ ಚುಚ್ಚಿಸುವುದಿಲ್ಲವೇ ಎಂದು ಕೇಳಿ ಅಪ್ಪನ ಬಾಯಿ ಮುಚ್ಚಿಸಿದೆ. ತಂಗಿ ಅಲ್ಲೇ ಕುಳಿತು ನೂಲುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಚಿತ್ರದುರ್ಗದಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಳೆ ಸಣ್ಣದು, ತೆಗೆಯುವುದು ಸುಲಭ ಎಂದರು. ಆಮೇಲೆ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು.

"ಇದರಿಂದ ನಿನಗೇನಾದ್ರೂ ತೊಂದರೆ ಐತೇನಮ್ಮ? ತೆಗೀಲಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ, "ತೆಗೀರಿ ಸಾರ್" ಎಂದುಬಿಟ್ಟೆ. ಕಾಗದಕ್ಕೂ ನಾನೇ ಸಹಿ ಹಾಕಿದೆ. ಇಂಜೆಕ್ಷನ್ನು, ಕತ್ತರಿ, ನಾಲ್ಕು ಹೊಲಿಗೆ. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನೋಯುತ್ತಿದೆಯೇ ಎಂದೆ, ಇಲ್ಲವೆಂದಳು. ಇನ್ನೇನು, ಹೊಸದುರ್ಗದವರು ಒಪ್ಪಿದ ಹಾಗೇ ಎಂದು ನಾನು ಬೀಗುತ್ತಿದ್ದೆ. ಹಿರಿಯೂರು ಹತ್ತಿರವಾದಾಗ ಅವಳು ಮಾತಾಡಿದಳು.

"ಡಾಕ್ಟ್ರು ಕೇಳಿದ್ದು ನನ್ನ ಅಲ್ವೇನಣ್ಣ? ನಾನೂ ತೆಗೀರಿ ಅಂತ್ಲೇ ಅಂತಿದ್ದೆ. ಆದ್ರೆ ಅದನ್ನ ನಾನು ಅನ್ಬೇಕಿತ್ತು."

ಅಪ್ಪನ ಎದುರು ಅಷ್ಟು ವಾದ ಮಾಡಿದವನಿಗೆ ನಾಚಿಕೆಯಾಯಿತು. ದೇಹವನ್ನು ತಿದ್ದುವುದು ಸರಿಯೋ ತಪ್ಪೋ ಎಂದು ಅಪ್ಪನೂ ನಾನೂ ಜಗಳವಾಡಿದ್ದೆವು. ಅದು ಯಾರ ದೇಹ ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ಎಂಟು ದಿನ ಬಿಟ್ಟು ಹೊಲಿಗೆ ಬಿಚ್ಚಿಸಲು ಹೋಗಬೇಕಿತ್ತು. ನಾನು ಶಾಲೆಗೆ ರಜಾ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯ ಮೇಲೆ ಕುಳಿತಿದ್ದೆ. ತಂಗಿ ಒಳಗಿಂದ ಬಂದು, ಅವ್ವನನ್ನು ಕರೆದುಕೊಂಡು, ನನ್ನ ಮುಂದೆಯೇ ಹಾದು ಬಸ್ಸಿಗೆ ಹೊರಟಳು.